ಜಸ್ತ ಹೋಗಿ ತವರ ಬಂತು

ನಿನ್ನೆ ಊಟ ಮುಗಿಸಿ ಒಬ್ಬ ವಿದ್ಯಾರ್ಥಿಯ ಪಿಎಚ್‌ಡಿ ಕರಡು ಹಿಡಿದು ಕೂತಿದ್ದೆ. ಕಲಬುರಗಿ ಮಧ್ಯಾಹ್ನ, ಕಣ್ಣು ಎಳೀತಾ ಇತ್ತು. ಒಂದು ಸಾಲು ನೋಡಿ ನಿದ್ದೆ ಹಾರಿಹೋಯಿತು. 'ಬಿದ್ರಿ ಸಾಮಾನನ್ನು ತವರ ಮತ್ತು ತಾಮ್ರ ಕರಗಿಸಿ ಎರಕ ಹೊಯ್ಯುತ್ತಾರೆ.'

ತವರ! ಅದು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕೋದಕ್ಕೆ. ಬಿದ್ರಿಗೆ ಬೇಕಾದದ್ದು ಸತು, ನಮ್ಮ ಕಡೆಯವರ ಬಾಯಲ್ಲಿ ಜಸ್ತ. ಸುಮಾರು 16 ಪಾಲು ಜಸ್ತಕ್ಕೆ 1 ಪಾಲು ತಾಮ್ರ. ಬೀದರ್ ಚೌಬಾರಾ ಹತ್ತಿರದ ಓಣಿಯಲ್ಲಿ ಕೂತು ನೋಡಿದ್ದೇನೆ. ಉಳಿಯಿಂದ ಗೀರಿದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿದ ಬಿಸಿನೀರಿಗೆ ಹಾಕುತ್ತಾರೆ. ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ತವರದ ಕಥೆ ಹೇಳಿದಾಗ ಅಲ್ಲಿನ ಉಸ್ತಾದರು ಸುತ್ತಿಗೆ ಕೆಳಗಿಟ್ಟು ನಕ್ಕರು. "ಹಂಗಾದ್ರ ಅದು ಬಿದ್ರಿನೇ ಅಲ್ರಿ ಸರ."

ಹುಡುಗನಿಗೆ ಫೋನ್ ಮಾಡಿ ಬೈದೆ. "ನಾ ಸ್ವಂತ ಬರದಿಲ್ರಿ ಸರ, ಜರ್ನಲ್‌ದಾಗ ಅದರಿ" ಅಂದ. ಯಾವ ಜರ್ನಲ್ ಅಂತ ಕೇಳುವ ಅಗತ್ಯವೇ ಇರಲಿಲ್ಲ. ಆ ಲೇಖನ ನನಗೆ ಗೊತ್ತು. ನಾಲ್ಕು ವರ್ಷದ ಹಿಂದೆಯೇ ಸಂಪಾದಕರಿಗೆ ಪತ್ರ ಬರೆದಿದ್ದೆ. ಮೊದಲ ಪತ್ರಕ್ಕೆ ಉತ್ತರ ಇಲ್ಲ. ಎರಡನೆಯದಕ್ಕೆ, 'ಲೇಖನದಲ್ಲಿರುವ ಅಭಿಪ್ರಾಯಗಳು ಲೇಖಕರವು.' ಸತುವೋ ತವರವೋ ಅನ್ನೋದು ಯಾವಾಗಿಂದ ಅಭಿಪ್ರಾಯ ಆಯಿತು ಸ್ವಾಮಿ? ಕೊನೆಗೆ ಫೋನಲ್ಲಿ ಸಿಕ್ಕರು. "ತಿದ್ದುಪಡಿ ಹಾಕಬೇಕಂದ್ರ ಒಂದು ಪುಟದ ಚಾರ್ಜ್ ಆಗ್ತದ್ರಿ, ನೀವು ಕೊಡ್ತೀರೇನು?" ಬರೆದ ಮಹಾಶಯರು ನನಗೆ ಪರಿಚಯದವರೇ. ಒಂದು ಮದುವೆಯಲ್ಲಿ ಎದುರಾದಾಗ "ನನ್ನ ಮ್ಯಾಲ ಹೊಟ್ಟಿಕಿಚ್ಚರಿ ನಿಮಗ" ಅಂದು ಊಟದ ಸಾಲು ಬದಲಿಸಿದರು.

ಇದಕ್ಕೆ ದಾರಿ ಇಲ್ಲವೇ? ಇದೆ, ಹಳೆಯದೇ. ಅಚ್ಚು ಹಾಕಿದವರ ತಪ್ಪಾದರೆ ಎರೇಟಮ್, ಬರೆದವರ ತಪ್ಪಾದರೆ ಕೊರಿಜೆಂಡಮ್. ಬುಡವೇ ಸರಿ ಇಲ್ಲದಿದ್ದರೆ ಲೇಖನವನ್ನೇ ಹಿಂಪಡೆಯೋದು. ತಿದ್ದುಪಡಿಗೆ ಅದರದೇ ಡಿಒಐ ನಂಬರ್ (ಲೇಖನವನ್ನು ಇಂಟರ್ನೆಟ್‌ನಲ್ಲಿ ಹುಡುಕೋಕೆ ಕೊಡುವ ಕಾಯಂ ಗುರುತು) ಕೊಟ್ಟು ಮೂಲ ಲೇಖನಕ್ಕೆ ಕೊಂಡಿ ಹಾಕಿದರೆ ಮುಗಿಯಿತು. ಹಳೆಯದನ್ನು ಓದಿದವರಿಗೂ ಎಲ್ಲಿ ಏನು ಬದಲಾಯಿತು ಅಂತ ಕಾಣುತ್ತದೆ. ಒಬ್ಬರು ನನಗೆ ಉಪಾಯ ಹೇಳಿದರು, "ಸುಮ್ನೆ ವೆಬ್‌ಸೈಟ್‌ನಾಗ ಪಿಡಿಎಫ್ ಬದಲಿ ಮಾಡಿಸಿಬಿಡ್ರಿ, ಯಾರಿಗೂ ಗೊತ್ತಾಗಲ್ಲ." ಯಾರಿಗೂ ಗೊತ್ತಾಗದಿರುವುದೇ ತೊಂದರೆ ಮಾರಾಯರೇ! ನಾಳೆ ನನ್ನ ಹುಡುಗ ಸುಳ್ಳುಗಾರ ಆಗುತ್ತಾನೆ, ಮೂಲದಲ್ಲಿ ತವರ ಇತ್ತು ಅಂತ ತೋರಿಸೋಕೆ ಅವನ ಹತ್ತಿರ ಏನೂ ಇರಲ್ಲ.

ತಪ್ಪು ಒಪ್ಪಿಕೊಂಡರೆ ಮರ್ಯಾದೆ ಹೋಗುತ್ತದಂತೆ. 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಫ್ರಾನ್ಸಿಸ್ ಅರ್ನಾಲ್ಡ್ 2020ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯ ತಮ್ಮ ಲೇಖನ ಹಿಂಪಡೆದರು. ಪ್ರಯೋಗ ಮತ್ತೆ ಮಾಡಿದರೆ ಅದೇ ಫಲಿತಾಂಶ ಬರಲಿಲ್ಲ. ನಾನು ಸರಿಯಾಗಿ ನೋಡಲಿಲ್ಲ ಅಂತ ತಾವೇ ಟ್ವಿಟರ್‌ನಲ್ಲಿ ಒಪ್ಪಿಕೊಂಡರು. ನೊಬೆಲ್ ಏನೂ ವಾಪಸ್ ಹೋಗಲಿಲ್ಲ. ನಮ್ಮವರದು ಯಾವ ಮರ್ಯಾದೆಯೋ, ತವರಕ್ಕೇ ಕರಗಿಹೋಗುತ್ತದೆ.

'ಇಷ್ಟು ಸಣ್ಣ ತಪ್ಪು, ಈ ಜರ್ನಲ್ ಓದೋರಾದ್ರೂ ಯಾರು' ಅಂತ ಕೆಲವರು ಹೇಳ್ತೀರಿ, ಗೊತ್ತು. ಅರ್ಧ ಒಪ್ಪುತ್ತೇನೆ. ಬಹಳಷ್ಟು ಲೇಖನ ಹುಟ್ಟೋದು ಪ್ರಮೋಷನ್ ಅಂಕಕ್ಕೆ, ಬರೆದವರೂ ಎರಡನೇ ಸಲ ಓದಲ್ಲ. ಆದರೆ ನನ್ನ ಹುಡುಗ ಓದಿದನಲ್ಲ! ಸಣ್ಣ ತಪ್ಪಿನ ಮಾತಿಗೆ, ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ದೊಡ್ಡ ಅರ್ಥಶಾಸ್ತ್ರಜ್ಞರ 2010ರ ಲೇಖನ ನೋಡಿ. ಸರ್ಕಾರದ ಸಾಲ ಜಾಸ್ತಿಯಾದರೆ ದೇಶದ ಬೆಳವಣಿಗೆ ಕುಸಿಯುತ್ತದೆ ಅಂತ ಬರೆದಿದ್ದರು. ರಾಜಕಾರಣಿಗಳು ಅದನ್ನು ಹಿಡಿದು ಖರ್ಚು ಕಡಿತದ ಮಾತಾಡಿದರು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಎಕ್ಸೆಲ್ ಹಾಳೆ ಬಿಚ್ಚಿ ನೋಡಿದರೆ, ಸರಾಸರಿ ತೆಗೆಯುವಾಗ ಐದು ದೇಶಗಳ ಸಾಲುಗಳೇ ಬಿಟ್ಟುಹೋಗಿವೆ. ಅದರ ಜೊತೆ ಇನ್ನೆರಡು ದೋಷ ಸರಿಪಡಿಸಿದಾಗ, ಸಾಲ ಜಾಸ್ತಿ ಇರುವ ದೇಶಗಳ ಸರಾಸರಿ ಬೆಳವಣಿಗೆ ಮೈನಸ್ 0.1 ಇದ್ದದ್ದು 2.2 ಶೇಕಡಾ ಆಯಿತು. ಹಿಡಿದದ್ದು ಒಬ್ಬ ವಿದ್ಯಾರ್ಥಿ. ನಮ್ಮಲ್ಲಾಗಿದ್ದರೆ ಅವನ ವೈವಾ ಆಗುತ್ತಿತ್ತಾ?

ಈಗ ನನ್ನ ಸರದಿ. ಇಷ್ಟೊತ್ತು ಹಾರಾಡಿದೆನಲ್ಲ, ಇದನ್ನೂ ಹೇಳಿಬಿಡ್ತೀನಿ. ಬಹಮನಿಗಳ ಮೇಲಿನ ನನ್ನ ಮೊದಲ ಲೇಖನದಲ್ಲಿ ರಾಜ್ಯ ಶುರುವಾದದ್ದು 1374 ಅಂತ ಅಚ್ಚಾಗಿದೆ. 1347 ಆಗಬೇಕು. ನನ್ನ ಲೆಕ್ಕ ನಂಬಿದರೆ ನಮ್ಮ ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿ ರಾಜ್ಯ ಹುಟ್ಟುವ ಏಳು ವರ್ಷ ಮೊದಲೇ ಎದ್ದು ನಿಂತಿತ್ತು! ಅಚ್ಚಾಗಿ ಬಂದ ದಿನವೇ ಕಣ್ಣಿಗೆ ಬಿತ್ತು. ಪ್ರಮೋಷನ್ ಫೈಲ್ ಮೇಲೆ ಹೋಗಿತ್ತು, ಸುಮ್ಮನಾದೆ. ಎರಡು ವರ್ಷದ ಮೇಲೆ ಎಂಎ ಹುಡುಗಿಯೊಬ್ಬಳು ಇಂಟರ್ನಲ್ ಪರೀಕ್ಷೆಯಲ್ಲಿ 1374 ಅಂತ ಬರೆದಳು. ಕೆಂಪು ಪೆನ್ನಲ್ಲಿ ಗೀಟು ಹಾಕಿ ಎರಡು ಅಂಕ ಕಳೆದೆ. ಆಕೆ ಸ್ಟಾಫ್ ರೂಮಿಗೆ ನನ್ನ ಲೇಖನದ ಜೆರಾಕ್ಸ್ ತಂದು ಮೇಜಿನ ಮೇಲಿಟ್ಟಳು. "ಸರ, ಇದು ನಿಮ್ಮದೇ ಅಲ್ರಿ?" ಪ್ರಿಂಟಿಂಗ್ ಮಿಸ್ಟೇಕ್, ಸರಿಯಾಗಿ ಓದಬೇಕು ನೀನು ಅಂತ ಗದರಿ ಕಳಿಸಿದೆ. ಅಂಕ ಕೊಡಲಿಲ್ಲ.

ರಾತ್ರಿ ಟ್ರಂಕ್ ತೆಗೆದು ಆ ಸಂಚಿಕೆ ಹುಡುಕಿದೆ. ತಿದ್ದುಪಡಿ ಬರೆದು ಮೇಲ್ ಹಾಕಿದರೆ ಐದೇ ನಿಮಿಷಕ್ಕೆ ವಾಪಸ್ ಬಂತು. ವಿಳಾಸವೇ ಇಲ್ಲವಂತೆ, ಜರ್ನಲ್ ನಿಂತು ಎಷ್ಟೋ ವರ್ಷವಾಗಿದೆ. ಹಾಗಾಗಿ ಇಲ್ಲೇ ಹಾಕುತ್ತಿದ್ದೇನೆ. ಪುಟ 41, ಮೂರನೇ ಪ್ಯಾರಾ, 1374 ಅಲ್ಲ, 1347. ತಪ್ಪು ನನ್ನದು, ಪ್ರೆಸ್ಸಿನವರದಲ್ಲ. ನಾನು ಕೊಟ್ಟ ಕೈಬರಹದಲ್ಲೂ ಹಾಗೇ ಇದೆ.

ಆ ಹುಡುಗಿ ಈಗ ಶಹಾಪುರ ಕಡೆ ಹೈಸ್ಕೂಲಲ್ಲಿ ಮೇಡಂ ಅಂತ ಕೇಳಿದ್ದೇನೆ. ಆ ಬ್ಯಾಚಿನವರು ಯಾರಾದರೂ ಇದ್ದರೆ ಈ ಪೋಸ್ಟ್ ಆಕೆಗೆ ತೋರಿಸಿ.