ದಡದ ಪರ ವಕಾಲತ್ತು

ನೀರಿನಿಂದ ಹೊರಬಿದ್ದ ಮೀನಿನ ಕತೆ ಯಾರು ಹೇಳಿದರೂ ನಮ್ಮ ಕರುಳು ಮೀನಿನ ಕಡೆಗೇ ಮಿಡಿಯುತ್ತದೆ. ಒಂದೇ ಒಂದು ಸಲ ನಾನು ದಡದ ಪಕ್ಷ ಸೇರಿದೆ. ಅದಕ್ಕೆ ಕಾರಣ ಒಂದು ತಟ್ಟೆ ನುಚ್ಚು.

ಚಿತ್ರ 1992ರ ‘ಮೈ ಕಸಿನ್ ವಿನ್ನಿ’. ಬ್ರೂಕ್ಲಿನ್ನಿನ ವಕೀಲ ವಿನ್ನಿ ಅಮೆರಿಕದ ದಕ್ಷಿಣಕ್ಕೆ, ಅಲಬಾಮಾದ ಒಂದು ಸಣ್ಣ ಊರಿಗೆ ಬರುತ್ತಾನೆ. ಅವನ ಸಂಬಂಧಿ ಹುಡುಗ ಅಂಗಡಿಯೊಂದರಲ್ಲಿ ಟ್ಯೂನಾ ಡಬ್ಬಿಗೆ ದುಡ್ಡು ಕೊಡಲು ಮರೆತು, ಗೆಳೆಯನ ಜೊತೆ ಕೊಲೆ ಆರೋಪದಲ್ಲಿ ಸಿಕ್ಕಿಬಿದ್ದಿದ್ದಾನೆ. ವಿನ್ನಿ ವಕೀಲನಾಗಿ ಆರು ವಾರ. ಪರೀಕ್ಷೆ ಪಾಸಾದದ್ದು ಆರನೆಯ ಸಲಕ್ಕೆ. ಮೈಮೇಲೆ ಕರಿ ತೊಗಲಿನ ಜಾಕೀಟು. ಊರಿನ ಹೋಟೆಲಿನಲ್ಲಿ ತಿಂಡಿಗೆ ಕೂತಾಗ ತಟ್ಟೆಯಲ್ಲಿ ಗ್ರಿಟ್ಸ್ ಬರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ವಾರಸುದಾರರಿಲ್ಲದ ಚೀಲವನ್ನು ಪೊಲೀಸರು ನೋಡುತ್ತಾರಲ್ಲ, ವಿನ್ನಿಯ ಪಾತ್ರದ ಜೋ ಪೆಶಿ ಅದನ್ನು ಹಾಗೆ ನೋಡುತ್ತಾನೆ.

ನಾನು ಧಾರವಾಡದ ಕಡೆಯವನು. ಗ್ರಿಟ್ಸ್ ಅಂದರೆ ಗೋವಿನಜೋಳ ಒಡೆಸಿ ಬೇಯಿಸಿದ ನುಚ್ಚು, ಮತ್ತೇನಲ್ಲ. ನಮ್ಮ ಮನೆಯಲ್ಲಿ ಬಿಳಿಜೋಳದ್ದು ಹೆಚ್ಚು, ಅಷ್ಟೇ ವ್ಯತ್ಯಾಸ. ನುಚ್ಚಿಗೆ ಹೆದರುವ ಗಂಡಸನ್ನು ಕಂಡು ನನಗೆ ಕನಿಕರ ಹುಟ್ಟಲಿಲ್ಲ. ಅಂದಿನಿಂದ ವಿನ್ನಿಯನ್ನು ಬಿಟ್ಟು ಊರಿನವರನ್ನೇ ನೋಡತೊಡಗಿದೆ. ಆಗ ತಿಳಿಯಿತು, ಮೀನು ಅಷ್ಟು ಚೆನ್ನಾಗಿ ಒದ್ದಾಡಬೇಕಾದರೆ ದಡ ಎಷ್ಟು ಗಟ್ಟಿಯಾಗಿರಬೇಕು ಅಂತ.

ಆ ದಡದ ಹೆಸರು ಫ್ರೆಡ್ ಗ್ವಿನ್. ಆರೂವರೆ ಅಡಿಗೆ ಒಂದಿಂಚು ಕಡಿಮೆ ಎತ್ತರದ ಆಳು. ಅರವತ್ತರ ದಶಕದ ಟೀವಿಯಲ್ಲಿ ‘ದಿ ಮನ್‌ಸ್ಟರ್ಸ್’ ಧಾರಾವಾಹಿಯ ಪೆದ್ದು ರಾಕ್ಷಸ ಹರ್ಮನ್ ಆಗಿ ಮನೆಮಾತಾದವನು. ಇಲ್ಲಿ ಜಡ್ಜ್ ಹ್ಯಾಲರ್. ನಗಿಸಬೇಕು ಎಂಬ ಆಸೆ ಆ ಮುಖದಲ್ಲಿ ಒಂದು ಕ್ಷಣವೂ ಹಣಕುವುದಿಲ್ಲ. ವಿನ್ನಿ ‘ಯೂತ್ಸ್’ ಎನ್ನುವುದನ್ನು ತನ್ನ ಗಲ್ಲಿಯ ನಾಲಗೆಯಲ್ಲಿ ‘ಯೂಟ್ಸ್’ ಎನ್ನುತ್ತಾನೆ. ಜಡ್ಜು ಮುಂದಕ್ಕೆ ಬಾಗಿ, ಅದೇನು ಪದ ಎಂದು ಕೇಳುತ್ತಾನೆ. ಗೇಲಿಯಿಲ್ಲ, ಸಿಟ್ಟೂ ಇಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿದೆ, ಪಾಪ. ಬೇರೆ ನಟನಾಗಿದ್ದರೆ ಅಲ್ಲೊಂದು ಹುಬ್ಬು ಕುಣಿಸಿ ಕೆಡಿಸುತ್ತಿದ್ದ. ಗ್ವಿನ್ ತೀರಿಕೊಂಡದ್ದು 1993ರಲ್ಲಿ. ಇದೇ ಅವನ ಕೊನೆಯ ಸಿನಿಮಾ.

ಸರ್ಕಾರಿ ವಕೀಲನಾಗಿ ಲೇನ್ ಸ್ಮಿತ್, ಶೆರಿಫ್ ಆಗಿ ಬ್ರೂಸ್ ಮೆಗಿಲ್. ಇಬ್ಬರೂ ಹಳ್ಳಿ ಗಮಾರರಲ್ಲ, ಖಳರೂ ಅಲ್ಲ. ತಮ್ಮ ಕೆಲಸ ತಾವು ಮಾಡುವ ಮರ್ಯಾದಸ್ಥರು. ನಿರ್ದೇಶಕ ಜೊನಾಥನ್ ಲಿನ್ ಇಂಗ್ಲೆಂಡಿನವನು, ಕೇಂಬ್ರಿಜ್‌ನಲ್ಲಿ ಕಾನೂನು ಓದಿದವನು. ಅವನಿಗೆ ಬ್ರೂಕ್ಲಿನ್ನೂ ಪರಸ್ಥಳ, ಅಲಬಾಮಾವೂ ಪರಸ್ಥಳ. ಯಾರನ್ನೂ ಹೆಚ್ಚು ಆಡಿಕೊಳ್ಳದಿರಲು ಅದೂ ಕಾರಣವಿರಬಹುದು. ಒಂದು ಮಾತ್ರ ನನಗೆ ಸೇರದು: ಆಸ್ಟಿನ್ ಪೆಂಡಲ್‌ಟನ್‌ನ ಉಗ್ಗುವ ವಕೀಲ. ಆ ನಟ ಸ್ವತಃ ಉಗ್ಗಿನಿಂದ ಪಾಡುಪಟ್ಟವನು. ಚಿತ್ರಮಂದಿರ ನಗಲಿ, ನನ್ನ ಗಂಟಲು ಕಟ್ಟುತ್ತದೆ.

ಊರಿನ ಶಬ್ದಗಳನ್ನೂ ನಟವರ್ಗಕ್ಕೆ ಸೇರಿಸಬೇಕು. ಬೆಳಗಿನ ಜಾವದ ಕಾರ್ಖಾನೆ ಸಿಳ್ಳೆ, ಗೋಡೆ ನಡುಗಿಸುವ ರೈಲು, ಹಂದಿಗಳ ಗದ್ದಲ. ಎಲ್ಲೂ ನಿದ್ದೆ ಹತ್ತದ ವಿನ್ನಿಗೆ ಕಡೆಗೆ ಗಾಢ ನಿದ್ದೆ ಬರುವುದು ಜೈಲಿನಲ್ಲಿ, ಕೈದಿಗಳ ಕಿರುಚಾಟದ ನಡುವೆ. ನ್ಯೂಯಾರ್ಕಿನವನಿಗೆ ಅದೇ ಜೋಗುಳ.

ಮರೀಸಾ ಟೊಮೆಯ ವಿಷಯ ಬಿಡುವಂತಿಲ್ಲ. ವಿನ್ನಿಯ ಜೊತೆ ಬಂದ ಮೋನಾ ಲಿಸಾ ಕೂಡ ಹೊರಬಿದ್ದ ಮೀನೇ. ಆದರೆ ಆಕೆ ಮೆಕ್ಯಾನಿಕ್ಕುಗಳ ಮನೆಯ ಹುಡುಗಿ. ಕೊಲೆಗಾರರ ಗಾಡಿಯ ಟೈರು ಬಿಟ್ಟುಹೋದ ಗುರುತಿನ ಚಿತ್ರ ಕೈಗೆ ಬಂದದ್ದೇ ಕೋರ್ಟು ಅವಳ ಪಾಲಿಗೆ ಗ್ಯಾರೇಜಾಗುತ್ತದೆ. ಆ ಗಾಡಿ ಹುಡುಗರ ಬ್ಯೂಕ್ ಸ್ಕೈಲಾರ್ಕ್ ಯಾಕಲ್ಲ, ಪಾಂಟಿಯಾಕ್ ಟೆಂಪೆಸ್ಟ್ ಯಾಕೆ ಎಂದು ಅವಳು ಬಿಡಿಸಿ ಹೇಳುವಾಗ ಗಾಡಿ ಗೊತ್ತಿಲ್ಲದ ನಾನೂ ತಲೆದೂಗಿದ್ದೇನೆ. ಆ ಪಾತ್ರಕ್ಕೆ ಪೋಷಕನಟಿಯ ಆಸ್ಕರ್ ಬಂತು. ವೇದಿಕೆಯಲ್ಲಿ ತಪ್ಪು ಹೆಸರು ಓದಿದ್ದರಿಂದ ಬಂತೆಂಬ ಗಾಳಿಮಾತು ಬಹಳ ಕಾಲ ಓಡಾಡಿತು, ಶುದ್ಧ ಸುಳ್ಳು. ಹಾಸ್ಯಕ್ಕೆ ದೊಡ್ಡ ಬಹುಮಾನ ಬಂದರೆ ಜನಕ್ಕೆ ಏನೋ ಅನುಮಾನ.

ಆದರೂ ನನ್ನ ಪ್ರೀತಿಯ ಘಟ್ಟ ನುಚ್ಚಿನದೇ. ಹುಡುಗರು ಅಂಗಡಿಗೆ ಹೋದಾಗ ಅಡುಗೆಗೆ ಶುರುಮಾಡಿದೆ, ತಿನ್ನಲು ಕೂತಾಗ ಗುಂಡಿನ ಸದ್ದು ಕೇಳಿತು, ನಡುವೆ ಐದೇ ನಿಮಿಷ ಎನ್ನುತ್ತಾನೆ ಸಾಕ್ಷಿ. ಮಾಡಿದ್ದು ಗ್ರಿಟ್ಸ್, ಅದೂ ದಿಢೀರ್ ಪೊಟ್ಟಣದ್ದಲ್ಲ, ಮಾನವಂತ ದಕ್ಷಿಣದವನು ಅದನ್ನು ಮುಟ್ಟುವುದಿಲ್ಲವಂತೆ. ಲೋಕವೆಲ್ಲ ಇಪ್ಪತ್ತು ನಿಮಿಷ ಬೇಯಿಸುವುದು ನಿನ್ನ ಒಲೆಯಲ್ಲಿ ಹೇಗೆ ಐದಕ್ಕೆ ಬೆಂದಿತು ಎಂದು ವಿನ್ನಿ ಹಿಡಿದುಕೊಳ್ಳುತ್ತಾನೆ. ಮೊದಲ ದಿನ ಹೆದರಿದ್ದ ತಟ್ಟೆಯೇ ಅವನ ಕೈಗೆ ಅಸ್ತ್ರವಾಗಿ ಬಂದಿದೆ. ಪಾಟೀಸವಾಲು ಕಲಿಸಲು ಕಾನೂನು ಮೇಷ್ಟ್ರುಗಳು ಈ ಚಿತ್ರ ತೋರಿಸುವುದುಂಟು.

ಒಂದು ಸಂಜೆ ಅವ್ವನನ್ನು ಕೂರಿಸಿ ಇದನ್ನು ತೋರಿಸಿದೆ. ಇಂಗ್ಲಿಷು ಬಾರದವಳು. ಸಾಕ್ಷಿ ಹೇಳಿದ್ದಷ್ಟನ್ನೇ ಕನ್ನಡದಲ್ಲಿ ಹೇಳಿ, ವಿನ್ನಿಯ ಪ್ರಶ್ನೆ ಬರುವ ಮುಂಚೆ ನಿಲ್ಲಿಸಿದೆ.

“ಐದು ನಿಮಿಷದಾಗ ನುಚ್ಚು ಬೇಯ್ತದೇನು? ಎಸರು ಕುದಿಯಾಕ ಅಷ್ಟು ಹೊತ್ತು ಬೇಕು. ಸುಳ್ಳು ಹೇಳಾಕತ್ತಾನ ಅಂವ,” ಎಂದಳು. ಆಮೇಲೆ ಏನೋ ನೆನಪಾಗಿ, “ಮಜ್ಜಿಗಿ ಹಾಕ್ಕೊಳ್ಳೂದಿಲ್ಲೇನು ಅವರು?”