ಕಾಯುವ ಅವಧಿಯನ್ನು ಮರೆಯಬೇಡಿ

ಸ್ವಂತ ಆರೋಗ್ಯ ವಿಮೆಯನ್ನು ನಿವೃತ್ತಿಯಾದ ಮೇಲೆ ಮಾಡಿಸಿದರಾಯಿತು ಎಂದು ನಿವೃತ್ತಿ ಯೋಜನೆಯ ಲೇಖನವೊಂದರಲ್ಲಿ ಓದಿದೆ. ಎಡವುವುದೇ ಅಲ್ಲಿ. ಆಫೀಸಿನ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಜತೆಗೇ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲಿನಿಂದ ಇರುವ ಸಕ್ಕರೆ ಕಾಯಿಲೆ, ಬಿಪಿಗೆ ಕಾಯುವ ಅವಧಿ, ಅಂದರೆ ಅವುಗಳ ಚಿಕಿತ್ಸೆಗೆ ವಿಮೆಯ ಹಣ ಸಿಗದ ಆರಂಭದ ಅವಧಿ, ಇರಬಹುದು. ಅದು ಮೂರು ವರ್ಷವಾದರೆ ನಿವೃತ್ತಿಗೆ ಮೂರು ವರ್ಷ ಮೊದಲೇ ಪಾಲಿಸಿ ಕೈಯಲ್ಲಿರಬೇಕು. ಅರ್ಜಿಯಲ್ಲಿ ದಿನಾ ನುಂಗುವ ಮಾತ್ರೆಯ ಹೆಸರನ್ನೂ ಬರೆಯಿರಿ, ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸಲು ಅದೊಂದೇ ನೆಪ ಸಾಕು. ಕೋ-ಪೇ ಶೇ 20 ಎಂದಿದ್ದರೆ ಬಿಲ್ಲಿನ ಐದನೇ ಒಂದು ಪಾಲು ನಿಮ್ಮ ಜೇಬಿನದೇ.

ಇನ್ನು ಪಿಂಚಣಿ. ಹಣದುಬ್ಬರ ಶೇ 6 ಇದ್ದರೆ, ಏರದ ಪಿಂಚಣಿಯ ಬೆಲೆ 12 ವರ್ಷಕ್ಕೆ ಸರಿಸುಮಾರು ಅರ್ಧವಾಗುತ್ತದೆ. ಆರೋಗ್ಯ ವಿಮೆಯ ಪ್ರೀಮಿಯಂ ಮಾತ್ರ ವಯಸ್ಸಿನ ಜತೆ ಏರುತ್ತಲೇ ಇರುತ್ತದೆ! ಅದಕ್ಕೆಂದೇ ಬೇರೆ ನಿಧಿ ಇಡಿ. ತಿಂಗಳಿಗೆ ಸ್ವಲ್ಪ ಕಡಿಮೆ ಬಂದರೂ, ಸಂಗಾತಿಗೂ ಮುಂದುವರಿಯುವ ಪಿಂಚಣಿಯನ್ನೇ ಆರಿಸಿಕೊಳ್ಳುವುದು ಮೇಲು.