ಇನ್ನೊಂದು ಮೆಟ್ಲು ಎಲ್ಲಪ್ಪಾ ಇದೆ?

ಹೋದ ವಾರ ಅಕ್ಕನ ಮಗನ ಬರ್ತ್‌ಡೇ ಅಂತ ಒಂದು ರೂಫ್‌ಟಾಪ್ ರೆಸ್ಟೋರೆಂಟಿಗೆ ಹೋಗಿದ್ವಿ. ಐದನೇ ಮಹಡಿ, ಲಿಫ್ಟಲ್ಲಿ ನಾಲ್ಕು ಜನ ಹಿಡಿಸೋದೇ ಕಷ್ಟ, ಮೆಟ್ಲಂತೂ ಎದುರಿಗೆ ಒಬ್ರು ಬಂದ್ರೆ ನಾವು ಗೋಡೆಗೆ ಅಂಟ್ಕೊಂಡು ನಿಲ್ಲಬೇಕು ಅಷ್ಟು ಕಿರಿದು. ಮೇಲೆ ಚಾವಣಿಗೆ ಬಿದಿರು ತಟ್ಟಿ, ಅದರ ತುಂಬ ಪ್ಲಾಸ್ಟಿಕ್ ಬಳ್ಳಿ, ಮಧ್ಯ ಮಧ್ಯ ಲೈಟಿನ ಸರ. ಫೋಟೋಗೆ ಸೂಪರ್, ಒಪ್ಕೋತೀನಿ.

ಕೂತ ತಕ್ಷಣ ಸಪ್ಲೈಯರ್ ಹುಡುಗನ್ನ ಕೇಳ್ದೆ, ಇಳಿಯೋಕೆ ಇನ್ನೊಂದು ಮೆಟ್ಲು ಎಲ್ಲಪ್ಪಾ ಇದೆ ಅಂತ. ಅವನು ವಾಶ್‌ರೂಮ್ ಕಡೆ ಕೈ ತೋರಿಸ್ದ. ಅದಲ್ಲ ಕಣಪ್ಪಾ, ಬೆಂಕಿಗಿಂಕಿ ಬಿದ್ರೆ ಓಡೋಕೆ ಅಂದೆ. "ಓ ಅದಾ ಸಾರ್, ಕಿಚನ್ ಹಿಂದ್ಗಡೆ ಇದೆ, ಅಲ್ಲಿ ಖಾಲಿ ಕ್ರೇಟು ಅಕ್ಕಿಮೂಟೆ ಎಲ್ಲಾ ಇಟ್ಟಿದೀವಿ" ಅಂದ. ಅಮ್ಮ "ಬಿಡ್ತು ಅನ್ನು, ಮಗು ಹುಟ್ಟಿದ ದಿನ ಎಂಥ ಮಾತು ಆಡ್ತೀಯೋ" ಅಂತ ಗದರಿದ್ರು, ಭಾವ "ಊಟಕ್ಕೆ ಬಂದ್ಯೋ ಇನ್‌ಸ್ಪೆಕ್ಷನ್‌ಗೆ ಬಂದ್ಯೋ" ಅಂತ ನಕ್ರು. ಅಷ್ಟರಲ್ಲಿ ಕೇಕ್ ಬಂತು, ಅದರ ಮೇಲೆ ಸುರ್‌ಸುರ್ ಬತ್ತಿ ಥರ ಕಿಡಿ ಹಾರೋ ಕ್ಯಾಂಡಲ್ಲು, ತಲೆ ಮೇಲೆ ಆ ಪ್ಲಾಸ್ಟಿಕ್ ಎಲೆ. ಎಲ್ರೂ ಚಪ್ಪಾಳೆ ಹೊಡೆದ್ರು, ಸುಳ್ಯಾಕೆ ಹೇಳ್ಲಿ, ನಾನೂ ಹೊಡೆದೆ.

ನಮ್ಮ ಸಮಸ್ಯೆನೇ ಇದು ನೋಡಿ. ಗೊತ್ತಿಲ್ಲ ಅಂತಲ್ಲ, ಬೆಂಕಿ ವಿಷಯ ಎತ್ತಿದ್ರೇ ಅಪಶಕುನ, ಇಲ್ಲಾಂದ್ರೆ ಮರ್ಯಾದೆಗೇಡು. ಪಾರ್ಕಿಂಗ್ ಇದ್ಯಾ, ವ್ಯಾಲೆ ಇದ್ಯಾ, ಎಷ್ಟು ಸ್ಟಾರ್ ರೇಟಿಂಗು ಎಲ್ಲಾ ಧೈರ್ಯವಾಗಿ ಕೇಳ್ತೀವಿ.

2025ರ ಡಿಸೆಂಬರಲ್ಲಿ ಗೋವಾದ ಅರ್ಪೋರಾ ನೈಟ್‌ಕ್ಲಬ್ಬಲ್ಲಿ 25 ಜನ ಸತ್ರಲ್ಲ, ಒಳಗೆ ಹಚ್ಚಿದ ಎಲೆಕ್ಟ್ರಿಕ್ ಪಟಾಕಿಯಿಂದ ಬೆಂಕಿ ಅಂತ ಅಲ್ಲಿನ ಮುಖ್ಯಮಂತ್ರಿಗಳೇ ಹೇಳಿದ್ರು. ಅದಕ್ಕೂ ಮೊದ್ಲು ಮುಂಬೈ ಕಮಲಾ ಮಿಲ್ಸ್ ಕಾಂಪೌಂಡಿನ ಪಬ್ಬಿಗೆ ಬೆಂಕಿ, 2017 ಡಿಸೆಂಬರ್ 29, ಮಧ್ಯರಾತ್ರಿ ದಾಟಿದ ಮೇಲೆ, ರೂಫ್‌ಟಾಪೇ. 14 ಜನ. ಹೊರಗೆ ಹೋಗೋ ದಾರಿ ಸಿಗದೆ ವಾಶ್‌ರೂಮಿಗೆ ನುಗ್ಗಿದವರೇ ಜಾಸ್ತಿ, ಅಲ್ಲೇ ಉಸಿರುಕಟ್ಟಿ ಹೋದ್ರು. ಆ ಹುಡುಗ ನನಗೆ ವಾಶ್‌ರೂಮ್ ತೋರಿಸಿದಾಗ ನನಗೆ ನೆನಪಾಗಿದ್ದು ಇದೇ. ಉರಿಗಿಂತ ಹೊಗೆನೇ ಮೊದ್ಲು ಕೊಲ್ಲೋದು ಅಂತ ಬೆಂಗಳೂರಿನವರಿಗೆ ಬೇರೆ ಯಾರೂ ಹೇಳ್ಬೇಕಾಗಿಲ್ಲ, 2010ರಲ್ಲಿ ಇಲ್ಲಿನ ಕಾರ್ಲ್‌ಟನ್ ಟವರ್ಸ್ ಆಫೀಸ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಹೊಗೆ ತಡೀಲಾರದೆ ಜನ ಗಾಜು ಒಡೆದು ಹಾರಿದ್ದನ್ನ ಟಿವೀಲಿ ನೋಡಿದೋರು ನಾವು, ಅವತ್ತು 9 ಜನ ಹೋದ್ರು. ಮತ್ತೆ 2023ರಲ್ಲಿ ಕೋರಮಂಗಲದ ಕೆಫೆ ಹತ್ತಿ ಉರಿದಾಗ ಒಬ್ಬ ಮೇಲಿಂದ ಹಾರಿದ ವಿಡಿಯೋ ಎಲ್ರ ವಾಟ್ಸಾಪಲ್ಲೂ ಇತ್ತು. ನೋಡಿದ್ವಿ, ಅಯ್ಯೋ ಅಂದ್ವಿ, ಫಾರ್ವರ್ಡ್ ಮಾಡಿದ್ವಿ.

ಕಿಚನ್ ಕಡೆಯದ್ದು ಇನ್ನೊಂದು ಕಥೆ. ಬಾಣಲೆ ಎಣ್ಣೆ ಹತ್ಕೊಂಡ್ರೆ ನೀರು ಹಾಕ್ಬಾರ್ದು, ಹಾಕಿದ್ರೆ ನೀರು ಒಳಗೆ ಇಳಿದು ಆವಿಯಾಗಿ ಉರಿಯೋ ಎಣ್ಣೆನ ಚಾವಣಿ ತನಕ ಎರಚುತ್ತೆ. ಒಲೆ ಆರಿಸಿ ಮೇಲೆ ಒಂದು ತಟ್ಟೆ ಮುಚ್ಚಿದ್ರೆ ಸಾಕು. ಇಷ್ಟನ್ನ ಎಷ್ಟು ಹೋಟೆಲಲ್ಲಿ ಹೊಸದಾಗಿ ಸೇರಿದ ಹುಡುಗನಿಗೆ ಹೇಳ್ಕೊಡ್ತಾರೆ? ಚಿಮಣಿ ಪೈಪಲ್ಲಿ ವರ್ಷಗಟ್ಟಲೆ ಜಿಡ್ಡು ಕೂತಿರುತ್ತೆ, ಅದೂ ಎಣ್ಣೆನೇ ತಾನೆ. ಗೋಡೇಲಿ ಬೆಂಕಿ ಆರಿಸೋ ಕೆಂಪು ಸಿಲಿಂಡರ್ ನೇತಾಡ್ತಿರುತ್ತೆ, ಅದರ ಮೀಟರಿನ ಮುಳ್ಳು ಹಸಿರಲ್ಲಿದ್ಯೋ ಕೆಂಪಲ್ಲಿದ್ಯೋ ನೋಡೋರಿಲ್ಲ, ಅದರ ಮೇಲೆ ಯಾರದೋ ಟವಲ್ಲು.

ಮತ್ತೆ ನಾವು ಗಿರಾಕಿಗಳು ಎರಡು ಗಂಟೆ ಕೂತು ಎದ್ದು ಬರೋರು. ಗೋವಾದಲ್ಲಿ ಸತ್ತ 25ರಲ್ಲಿ 20 ಜನ ಅಲ್ಲಿ ಕೆಲಸ ಮಾಡೋರು. 2018ರ ಜನವರೀಲಿ ಕಲಾಸಿಪಾಳ್ಯದ ಬಾರಲ್ಲಿ ಬೆಂಕಿ ಬಿದ್ದಾಗ ಹೋದ 5 ಜನಾನೂ ಕೆಲಸ ಮುಗಿಸಿ ಒಳಗೇ ಮಲಗಿದ್ದ ಹುಡುಗರು.

ಬಿಲ್ ತಂದಾಗ ಅದೇ ಹುಡುಗನ್ನ ಕೇಳ್ದೆ, ರಾತ್ರಿ ಎಲ್ಲಿ ಮಲಗ್ತೀರಾ ಅಂತ. "ಇಲ್ಲೇ ಸಾರ್, ಆರು ಜನ. ಕೆಳಗಡೆ ಮ್ಯಾನೇಜರ್ ಶಟರ್ ಎಳೆದು ಬೀಗ ಹಾಕ್ಕೊಂಡು ಹೋಗ್ತಾರೆ, ಬೆಳಿಗ್ಗೆ ಹಾಲು ಬರೋ ಟೈಮಿಗೆ ತೆಗೀತಾರೆ." ಅಷ್ಟು ಮಾಮೂಲಾಗಿ ಹೇಳ್ದ. ಅಮ್ಮ ಈ ಸಲ ಬಿಡ್ತು ಅನ್ನು ಅನ್ಲಿಲ್ಲ, ಅವನ ಮುಖನೇ ನೋಡ್ತಾ ಕೂತಿದ್ರು.

ಮನೆಗೆ ಬಂದು ಆನ್‌ಲೈನಲ್ಲಿ ರಿವ್ಯೂ ಬರೆದೆ. ಬಿರಿಯಾನಿ ಚೆನ್ನಾಗಿದೆ, ಹಿಂದಿನ ಮೆಟ್ಲ ಮೇಲಿರೋ ಮೂಟೆ ತೆಗೀರಿ, ರಾತ್ರಿ ಹುಡುಗರ ಕೈಯಲ್ಲಿ ಒಂದು ಕೀ ಕೊಡಿ ಅಂತ. ಮಾರನೇ ದಿನ ಉತ್ತರ ಬಂತು, ಬಿರಿಯಾನಿ ಇಷ್ಟವಾಗಿದ್ದಕ್ಕೆ ಧನ್ಯವಾದ, ಮತ್ತೆ ಬನ್ನಿ ಅಂತ. ಹೋಗ್ತೀನಿ, ಆ ಮೂಟೆ ಇನ್ನೂ ಅಲ್ಲೇ ಇದ್ಯಾ ನೋಡೋಕಾದ್ರೂ.